ಬಚ್ಚಲು, ಕಿಟಕಿ, ಒಗ್ಗರಣೆ: ಜರ್ಮನ್ ಮನೆಯೊಂದರಲ್ಲಿ ಓ ಪೇರ್ ಆಗಿ ಇರುವುದು

ಓ ಪೇರ್ ಆಗಿ, ಅಂದರೆ ಜರ್ಮನ್ ಕುಟುಂಬವೊಂದರ ಜೊತೆಗಿದ್ದು ಮಕ್ಕಳನ್ನು ನೋಡಿಕೊಳ್ಳಲು, ಜರ್ಮನಿಗೆ ಹೊರಟ ಮಂಗಳೂರು, ಉಡುಪಿ ಕಡೆಯವರು ಮೊದಲು ಕೇಳುವುದು ಊಟದ ಬಗ್ಗೆ, ಆಮೇಲೆ ಚಳಿಯ ಬಗ್ಗೆ. ಎರಡಕ್ಕೂ ದಾರಿ ಇದೆ. ಆದರೆ ಅಲ್ಲಿನ ಮನೆಯವರ ಜೊತೆ ಮೊದಲ ಕಿರಿಕಿರಿ ಹುಟ್ಟುವುದು ಸಾಮಾನ್ಯವಾಗಿ ಬಚ್ಚಲಲ್ಲಿ.

ನಮ್ಮ ಬಚ್ಚಲು ನೀರು ಚೆಲ್ಲಲೆಂದೇ ಇರುವ ಜಾಗ. ನೆಲಕ್ಕೆ ಇಳಿಜಾರು, ಮೂಲೆಯಲ್ಲಿ ತೂಬು. ಮಿಂದಾದ ಮೇಲೆ ಎರಡು ಚೊಂಬು ನೀರು ಹೊಯ್ದರೆ ನೆಲವೂ ತೊಳೆದಂತಾಯಿತು. ಜರ್ಮನಿಯ ಎಷ್ಟೋ ಮನೆಗಳ ಬಾತ್‌ರೂಮಿನ ನೆಲದಲ್ಲಿ ತೂಬೇ ಇರುವುದಿಲ್ಲ. ನೀರು ಹೋಗಲು ದಾರಿ ಇರುವುದು ಟಬ್ಬಿನೊಳಗೆ ಅಥವಾ ಶವರಿನ ತಟ್ಟೆಯೊಳಗೆ ಮಾತ್ರ. ಹೊರಗೆ ಚೆಲ್ಲಿದ ನೀರು ಟೈಲ್ಸಿನ ಸಂದಿಯಿಂದ ಇಳಿದು ಕೆಳಮನೆಯ ಮಾಳಿಗೆಗೆ ಕಲೆ ಹಾಕುತ್ತದೆ. ಹಳೆಯ ಕಟ್ಟಡಗಳಲ್ಲಿ ನೆಲದ ಕೆಳಗೆ ಮರದ ತೊಲೆಗಳಿರುವುದರಿಂದ ಇದು ಇನ್ನೂ ದುಬಾರಿಯ ವಿಷಯ. ಹಾಗಾಗಿ ಮೀಯುವುದಕ್ಕೂ ಒಂದು ಕ್ರಮ ಉಂಟು. ಕರ್ಟನ್ ಇದ್ದರೆ ಅದರ ತುದಿ ಟಬ್ಬಿನ ಒಳಗೆ ಬಿದ್ದಿರಬೇಕು. ಸಾಬೂನು ಹಚ್ಚುವಾಗ ನೀರು ನಿಲ್ಲಿಸಬೇಕು. ಮಿಂದಾದ ಮೇಲೆ ರಬ್ಬರ್ ಪಟ್ಟಿಯ ಒರಸುವ ಸಾಧನದಿಂದ ಗಾಜನ್ನೂ ಟೈಲ್ಸನ್ನೂ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ನೆಲದ ಮೇಲೆ ಬಿದ್ದ ಹನಿಗಳನ್ನು ಬಟ್ಟೆಯಿಂದ ಒರಸಬೇಕು. ಬಾಗಿಲು ಮುಚ್ಚಿಕೊಂಡು ಕಿಟಕಿಯನ್ನು ಹತ್ತು ನಿಮಿಷ ಪೂರ್ತಿ ತೆರೆದಿಡಬೇಕು. ಬಾಗಿಲು ತೆರೆದರೆ ಆ ಹಬೆಯೆಲ್ಲ ಮನೆಯೊಳಗೆ ಸೇರುತ್ತದೆ. ಕಿಟಕಿ ಇಲ್ಲದ ಬಾತ್‌ರೂಮಾದರೆ ಫ್ಯಾನ್ ತಾನಾಗಿ ನಿಲ್ಲುವ ತನಕ ಬಿಡಬೇಕು.

ಬಕೆಟ್ಟು, ಚೊಂಬು ಅಲ್ಲಿನ ಬಾತ್‌ರೂಮಿನಲ್ಲಿ ಇರುವುದಿಲ್ಲ. ಕಕ್ಕಸಿನಲ್ಲಿ ನೀರಿನ ಪೈಪೂ ಇರುವುದಿಲ್ಲ. ಹಿಂಡಿದರೆ ನೀರು ಚಿಮ್ಮುವ ಪ್ಲಾಸ್ಟಿಕ್ ಬಾಟಲಿಯೊಂದನ್ನು ಊರಿನಿಂದಲೇ ಒಯ್ದರೆ ಆ ಚಿಂತೆ ಮುಗಿಯಿತು; ಅದನ್ನು ತುಂಬಿಸಿ ತುಂಬಿಸಿ ನೆಲ ಒದ್ದೆ ಮಾಡದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಟಾಯ್ಲೆಟ್ ಪೇಪರನ್ನು ಕಮೋಡಿಗೇ ಹಾಕಬೇಕು. ಆದರೆ ಒದ್ದೆ ಟಿಶ್ಯೂ, ಪ್ಯಾಡ್ ಯಾವತ್ತೂ ಹಾಕಬಾರದು, ಪೈಪು ಕಟ್ಟುತ್ತದೆ. ಗಂಡಸರೂ ಕೂತೇ ಮೂತ್ರ ಮಾಡಬೇಕೆಂದು ಬಹಳ ಮನೆಗಳಲ್ಲಿ ಹೇಳುತ್ತಾರೆ. ಅದರಲ್ಲಿ ಅವಮಾನ ಏನಿಲ್ಲ, ತೊಳೆಯುವವರ ಲೆಕ್ಕಾಚಾರ ಅಷ್ಟೇ.

ಈ ಬಚ್ಚಲ ಪುರಾಣವನ್ನು ಇಷ್ಟುದ್ದ ಹೇಳಲು ಕಾರಣ ಇದೆ. ಜರ್ಮನ್ ಮನೆಯಲ್ಲಿ ನಮಗೆ ಕಿರಿಕಿರಿ ಎನಿಸುವ ಕಟ್ಟುಪಾಡುಗಳಲ್ಲಿ ಮುಕ್ಕಾಲು ಪಾಲು ಸಂಸ್ಕೃತಿಗೆ ಸಂಬಂಧಿಸಿದ್ದಲ್ಲ, ಕಟ್ಟಡಕ್ಕೆ ಸಂಬಂಧಿಸಿದ್ದು. ಕರಾವಳಿಯ ಹೆಂಚಿನ ಮನೆ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಕಳಿಸಲು ಕಟ್ಟಿದ್ದು. ಅವರ ಮನೆ ಬಿಸಿಯನ್ನು ಒಳಗೇ ಹಿಡಿದಿಡಲು ಕಟ್ಟಿದ್ದು. ಇದೊಂದು ತಲೆಗೆ ಹೊಕ್ಕರೆ ಕಿಟಕಿ, ಹೀಟರು, ಒಗ್ಗರಣೆ, ಬಟ್ಟೆ ಒಣಗಿಸುವುದು ಎಲ್ಲದರ ನಿಯಮವೂ ಬಾಯಿಪಾಠ ಮಾಡದೆ ಬರುತ್ತದೆ.

ಓ ಪೇರ್ ವ್ಯವಸ್ಥೆ ಗೊತ್ತಿಲ್ಲದವರಿಗೆ ಇನ್ನೆರಡು ಮಾತು. 18 ತುಂಬಿದ, ವೀಸಾಕ್ಕೆ ಅರ್ಜಿ ಹಾಕುವಾಗ 27 ಆಗದ ಹುಡುಗ ಹುಡುಗಿಯರು ಆರು ತಿಂಗಳಿಂದ ಒಂದು ವರ್ಷದ ತನಕ ಜರ್ಮನ್ ಕುಟುಂಬವೊಂದರ ಜೊತೆಗಿದ್ದು, ಮಕ್ಕಳನ್ನು ನೋಡಿಕೊಂಡು, ಭಾಷೆ ಕಲಿಯುವ ಏರ್ಪಾಡು. ಹೊರಡುವ ಮೊದಲು ಎ1 ಮಟ್ಟದ, ಅಂದರೆ ತೀರಾ ಆರಂಭದ ಹಂತದ ಜರ್ಮನ್ ಬರಬೇಕು. ನಮ್ಮ ಕಡೆಯವರು ಜರ್ಮನ್ ಭಾಷೆ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯುತ್ತಾರೆ, ವೀಸಾಕ್ಕೂ ಬೆಂಗಳೂರಿಗೇ ಹೋಗಬೇಕು. ಮನೆಯವರು ಪ್ರತ್ಯೇಕ ಕೋಣೆ, ಊಟ, ವಿಮೆ ಕೊಡುತ್ತಾರೆ. ಕೈಖರ್ಚಿಗೆ ತಿಂಗಳಿಗೆ 280 ಯೂರೊ, ಭಾಷಾ ತರಗತಿಗೆ 70 ಯೂರೊ. ಹೋಗಿಬರುವ ವಿಮಾನದ ಖರ್ಚು ನಮ್ಮದೇ. ಇದು ಸಂಬಳವಲ್ಲ, ಉಳಿಸಿ ಊರಿಗೆ ಕಳಿಸುವ ಲೆಕ್ಕ ಹಾಕಿದವರಿಗೆ ನಿರಾಸೆಯೇ ಆಗುತ್ತದೆ.

ಈಗ ಕಿಟಕಿಗೆ ಬರುವ. ಬೂಷ್ಟು ಎಂದರೇನೆಂದು ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಮರದ ಕಪಾಟು ಎಲ್ಲದರ ಮೇಲೂ ಬಿಳಿ ಪದರ ಬರುತ್ತದೆ. ಹೊರಗಿನ ಪಸೆ ಒಳಗೆ ಬರುವುದೇ ಅದಕ್ಕೆ ಕಾರಣ, ಕಿಟಕಿ ಮುಚ್ಚುವುದು ನಮಗೆ ಗೊತ್ತಿರುವ ಮದ್ದು. ಜರ್ಮನಿಯ ಚಳಿಗಾಲದಲ್ಲಿ ಇದು ತಿರುವುಮುರುವು. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನಂಶ ಬಹಳ ಕಡಿಮೆ. ಪಸೆ ಹುಟ್ಟುವುದು ಒಳಗೆ: ಉಸಿರು, ಸ್ನಾನ, ಅನ್ನದ ಹಬೆ, ಒಣಗಲು ಹಾಕಿದ ಬಟ್ಟೆ. ಸಂದಿಯೇ ಇಲ್ಲದ ಮನೆಯಲ್ಲಿ ಅದು ಹೊರಗೆ ಹೋಗದೆ ತಣ್ಣಗಿರುವ ಗೋಡೆಯ ಮೂಲೆಯಲ್ಲಿ, ಕಪಾಟಿನ ಹಿಂದೆ ನೀರಾಗುತ್ತದೆ. ಕೆಲವೇ ವಾರಗಳಲ್ಲಿ ಅಲ್ಲಿ ಕಪ್ಪು ಬೂಷ್ಟು. ಆದ್ದರಿಂದ ಅಲ್ಲಿ ಮದ್ದೆಂದರೆ ಕಿಟಕಿ ತೆರೆಯುವುದು.

ಅದಕ್ಕೂ ರೀತಿ ಇದೆ. ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ, ಮಲಗುವ ಮೊದಲು, ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಬೇಕು. ಎದುರುಬದುರು ಎರಡು ಕಿಟಕಿ ತೆರೆದರೆ ಇನ್ನೂ ಬೇಗ ಆಗುತ್ತದೆ. ಆ ಹೊತ್ತಿಗೆ ಹೀಟರಿನ ತಿರುಗುಗುಂಡಿಯನ್ನು ಕೆಳಗಿಳಿಸಬೇಕು. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಕಿಟಕಿ ತೆರೆಯುವುದು ಹುಚ್ಚಾಟದಂತೆ ಕಾಣುತ್ತದೆ, ಆದರೆ ಅಷ್ಟು ಹೊತ್ತಿನಲ್ಲಿ ಬದಲಾಗುವುದು ಗಾಳಿ ಮಾತ್ರ, ಗೋಡೆ ಬಿಸಿಯಾಗಿಯೇ ಉಳಿಯುತ್ತದೆ. ನಮ್ಮವರು ಹೆಚ್ಚಾಗಿ ಮಾಡುವುದು ಕಿಟಕಿಯನ್ನು ತುಸು ವಾಲಿಸಿ ದಿನವಿಡೀ ಬಿಟ್ಟುಬಿಡುವುದು. ಗಾಳಿ ಸರಿಯಾಗಿ ಬದಲಾಗುವುದಿಲ್ಲ, ಕಿಟಕಿಯ ಸುತ್ತಲಿನ ಗೋಡೆ ತಣಿದು ಅಲ್ಲೇ ಬೂಷ್ಟು ಹಿಡಿಯುತ್ತದೆ, ಹೀಟರಿನ ಬಿಲ್ಲು ಬೇರೆ.

ಕಿಟಕಿಯ ಹಿಡಿಯನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬೇಕು. ಕೆಳಮುಖವಾಗಿದ್ದರೆ ಮುಚ್ಚಿದೆ ಎಂದರ್ಥ. ಅಡ್ಡ ತಿರುಗಿಸಿದರೆ ಬಾಗಿಲಿನ ಹಾಗೆ ಒಳಕ್ಕೆ ತೆರೆಯುತ್ತದೆ. ಮೇಲ್ಮುಖ ಮಾಡಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಕಿಟಕಿ ತೆರೆದಿರುವಾಗಲೇ ಹಿಡಿಯನ್ನು ತಿರುಗಿಸಿದರೆ ಇಡೀ ಚೌಕಟ್ಟು ಒಂದೇ ಮೂಲೆಯ ಮೇಲೆ ಜೋತಾಡಿ ಬೀಳುವಂತೆ ಕಾಣುತ್ತದೆ. ಗಾಬರಿ ಬೇಡ: ಮೇಲ್ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು ಹಿಡಿಯನ್ನು ಮೊದಲಿನ ಜಾಗಕ್ಕೆ ತಂದರೆ ಕೂತುಕೊಳ್ಳುತ್ತದೆ. ಭಾರ ಹೆಚ್ಚು, ಒಬ್ಬರೇ ಇದ್ದರೆ ಮನೆಯವರನ್ನು ಕರೆಯುವುದೇ ಕ್ಷೇಮ.

ಹೀಟರಿನ ಗುಂಡಿಯಲ್ಲಿ 1ರಿಂದ 5ರ ತನಕ ಅಂಕೆಗಳಿರುತ್ತವೆ. ಅವು ವೇಗವಲ್ಲ, ಕೋಣೆಯ ಉಷ್ಣತೆ. 2ಕ್ಕೆ ಸುಮಾರು 16 ಡಿಗ್ರಿ, 3ಕ್ಕೆ 20, 4ಕ್ಕೆ 24. ಚಳಿಯಾಯಿತೆಂದು 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, 28 ಡಿಗ್ರಿ ಆಗುವ ತನಕ ನಿಲ್ಲುವುದಿಲ್ಲ ಅಷ್ಟೇ. 28 ಡಿಗ್ರಿ ಎಂದರೆ ನಮಗೆ ಮಂಗಳೂರಿನ ಡಿಸೆಂಬರ್ ಸಂಜೆಯ ಹಿತ, ಅವರಿಗೆ ಬಿಲ್ಲಿನ ಚಿಂತೆ. ಮಲಗುವ ಕೋಣೆ 17-18 ಡಿಗ್ರಿಯಲ್ಲಿರುವುದು ಅಲ್ಲಿ ಮಾಮೂಲು. ಒಳಗೆ ತೆಳುವಾದ ಥರ್ಮಲ್ ಬನಿಯನ್ನು, ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮನೆಯೊಳಗೆ ಓಡಾಡುವ ಅಭ್ಯಾಸ ಬೇಕು. ಹೀಟರಿನ ಮೇಲೆ ಒದ್ದೆ ಟವೆಲು ಹರಡಬಾರದು, ಅದರೆದುರು ಸೂಟ್‌ಕೇಸ್ ಅಡ್ಡ ಇಡಬಾರದು.

ತೆಂಗಿನೆಣ್ಣೆಯ ವಿಷಯ ಬೇರೆಯೇ ಹೇಳಬೇಕು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಸಪೂರ ಬಾಯಿಯ ಬಾಟಲಿಯಲ್ಲಿ ಒಯ್ದರೆ ಅಕ್ಟೋಬರಿನ ನಂತರ ಒಂದು ಹನಿಯೂ ಹೊರಗೆ ಬಾರದು. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ದೀಪಾವಳಿಯ ಎಣ್ಣೆಸ್ನಾನ ಮಾಡುವುದಾದರೆ ಮೈಯ ಎಣ್ಣೆಯನ್ನು ಮೊದಲು ಪೇಪರಿನಿಂದ ಚೆನ್ನಾಗಿ ಒರಸಿ ಕಸದ ಡಬ್ಬಿಗೆ ಹಾಕಬೇಕು. ಬಿಸಿನೀರಿನೊಂದಿಗೆ ಇಳಿದ ಎಣ್ಣೆ ತಣ್ಣನೆಯ ಪೈಪಿನಲ್ಲಿ ಮತ್ತೆ ಗಟ್ಟಿಯಾಗಿ ಕೂದಲನ್ನೆಲ್ಲ ಹಿಡಿದು ಕೂರುತ್ತದೆ, ಪ್ಲಂಬರನ ಖರ್ಚು ಅಲ್ಲಿ ಸಣ್ಣದಲ್ಲ. ತಲೆಗೆ ಎಣ್ಣೆ ಹಚ್ಚಿ ಮಲಗುವವರು ಹಳೆಯ ಟವೆಲೊಂದನ್ನು ದಿಂಬಿಗೆ ಸುತ್ತಿಕೊಳ್ಳಲಿ. ನಮ್ಮ ಮುರಕಲ್ಲಿನ ಬಾವಿಯ ನೀರು ಮೆದು, ಚೂರು ಸಾಬೂನಿಗೇ ನೊರೆ. ಅಲ್ಲಿ ಬಹಳ ಕಡೆ ನೀರು ಗಡುಸು. ಗಾಜಿನ ಮೇಲೆ, ಕೆಟಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದು ಅದಕ್ಕೇ, ಶವರಿನ ಗಾಜು ಒರಸಲು ಹೇಳುವುದೂ ಅದಕ್ಕೇ. ಕೆಟಲಿಗೆ ಅರ್ಧ ನೀರು, ಅರ್ಧ ವಿನೆಗರ್ ಹಾಕಿ ಬಿಸಿ ಮಾಡಿ ಅರ್ಧ ಗಂಟೆ ಬಿಟ್ಟು ತೊಳೆದರೆ ಸುಣ್ಣ ಹೋಗುತ್ತದೆ. ಕುಡಿಯಲು ನಲ್ಲಿನೀರೇ ಸಾಕು, ಕುದಿಸಬೇಕಾಗಿಲ್ಲ.

ಅಡುಗೆಮನೆಯಲ್ಲಿ ತೊಂದರೆ ಕೊಡುವುದು ಖಾರವಲ್ಲ, ವಾಸನೆ. ಎಣ್ಣೆಯಲ್ಲಿ ಸಾಸಿವೆ ಸಿಡಿದು, ಬ್ಯಾಡಗಿ ಮೆಣಸು ಕಪ್ಪಾಗಿ, ಇಂಗು ಬಿದ್ದ ಒಗ್ಗರಣೆಯ ಹೊಗೆ ಮುಚ್ಚಿದ ಮನೆಯಲ್ಲಿ ಎರಡು ದಿನ ಇರುತ್ತದೆ, ಹೊರಬಾಗಿಲ ಹತ್ತಿರ ನೇತುಹಾಕಿದ ಉಣ್ಣೆಯ ಕೋಟುಗಳಿಗೆ ಅಂಟುತ್ತದೆ. ಮರುದಿನ ಆ ಕೋಟು ಹಾಕಿಕೊಂಡು ಆಫೀಸಿಗೆ ಹೋಗುವವರು ಅವರು ಎಂಬುದು ನೆನಪಿರಲಿ. ಕ್ರಮ ಹೀಗೆ: ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ, ಚಿಮಣಿ ಫ್ಯಾನನ್ನು ಒಗ್ಗರಣೆಗೆ ಐದು ನಿಮಿಷ ಮೊದಲೇ ಹಾಕಿ, ಎಣ್ಣೆ ಹೊಗೆಯಾಡುವಷ್ಟು ಕಾಯಿಸದೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಸಾಸಿವೆ ಸಿಡಿಸಿ, ಮೆಣಸನ್ನು ಕೊನೆಗೆ ಹಾಕಿ ಕೂಡಲೇ ಸಾರಿಗೆ ಸುರಿಯಿರಿ. ಆಮೇಲೆ ಕಿಟಕಿ. ಕೆಲವು ಚಿಮಣಿಗಳು ಗಾಳಿಯನ್ನು ಹೊರಗೆ ಕಳಿಸುವುದಿಲ್ಲ, ಇದ್ದಿಲ ಫಿಲ್ಟರಿನಲ್ಲಿ ಸೋಸಿ ಮತ್ತೆ ಒಳಗೇ ಬಿಡುತ್ತವೆ. ಅಂಥ ಮನೆಯಲ್ಲಿ ಕಿಟಕಿಯೊಂದೇ ಗತಿ. ಮಲಗುವ ಕೋಣೆಗಳಲ್ಲೂ ಹೊರಹೋಗುವ ಹಾದಿಯಲ್ಲೂ ಹೊಗೆ ಎಚ್ಚರಿಕೆಯ ಯಂತ್ರ ಇರಲೇಬೇಕೆಂದು ಕಾನೂನಿದೆ. ಊದುಬತ್ತಿಯನ್ನು ಅದರ ಕೆಳಗೆ ಹಚ್ಚಿದರೆ ಮನೆಯಿಡೀ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ದೇವರಿಗೆ ದೀಪ ಇಡುವುದಾದರೆ ಮೊದಲೇ ಕೇಳಿ, ಅಗಲದ ತಟ್ಟೆಯ ಮೇಲಿಡಿ, ಕೋಣೆ ಬಿಟ್ಟು ಹೋಗುವಾಗ ಆರಿಸಿ.

ಒಲೆ ಬಹುತೇಕ ಗಾಜಿನದು. ನಮ್ಮ ಕಬ್ಬಿಣದ ಕಾವಲಿಯನ್ನು ಅದರ ಮೇಲೆ ಎಳೆದರೆ ಗೀರು ಬೀಳುತ್ತದೆ. ತಳ ಬಾಗಿದ ಅಪ್ಪದ ಕಾವಲಿ ಬಿಸಿಯೇ ಆಗುವುದಿಲ್ಲ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಅಯಸ್ಕಾಂತ ಅಂಟುವ ಚಪ್ಪಟೆ ತಳದ ಸ್ಟೀಲಿನದ್ದನ್ನೇ ಒಯ್ಯಬೇಕು. ಸೀಟಿ ಕೂಗುತ್ತದೆ ಎಂದು ಮೊದಲೇ ಹೇಳಿಟ್ಟರೆ ಮಕ್ಕಳು ಹೆದರುವುದಿಲ್ಲ. ಸಣ್ಣ ಮಿಕ್ಸಿ ಒಯ್ಯುವವರಿಗೆ ವೋಲ್ಟೇಜಿನ ಚಿಂತೆ ಬೇಡ, ಅಲ್ಲಿಯೂ 230 ವೋಲ್ಟ್. ಮೂರು ಪಿನ್ನಿಗೆ ಅರ್ಥಿಂಗ್ ಇರುವ ಅಡಾಪ್ಟರ್ ಮಾತ್ರ ಬೇಕು.

ಗಂಜಿಯ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಕಡೆಯ ಕುಚ್ಚಲಕ್ಕಿಯೇ ಬೇಕೆಂದರೆ ಕಷ್ಟ, ದೊಡ್ಡ ಊರುಗಳ ಏಷ್ಯನ್ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಹಬೆಯೂ ಆಯಿತು, ಯೂನಿಟ್ಟಿಗೆ ಸುಮಾರು 35ರಿಂದ 40 ಸೆಂಟಿನ ಕರೆಂಟೂ ಹೋಯಿತು. ರಾತ್ರಿ ನೆನೆಸಿ ಕುಕ್ಕರಿನಲ್ಲಿಟ್ಟರೆ ಎರಡೂ ಉಳಿಯುತ್ತದೆ. ದೋಸೆಹಿಟ್ಟು ಊರಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆಗೆ ಉಕ್ಕುತ್ತದೆ. 19 ಡಿಗ್ರಿಯ ಅಡುಗೆಮನೆಯಲ್ಲಿ ಇಟ್ಟಲ್ಲಿಯೇ ಇರುತ್ತದೆ. ಓವನ್ನಿನ ಲೈಟು ಮಾತ್ರ ಹಾಕಿ ಪಾತ್ರೆಯನ್ನು ಒಳಗಿಟ್ಟು 12ರಿಂದ 16 ಗಂಟೆ ಬಿಡಿ. ಓವನ್ನಿನ ಬಾಗಿಲಿಗೆ ಚೀಟಿ ಅಂಟಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಯಾರಾದರೂ ಪಿಜ್ಜಾಕ್ಕೆಂದು 220 ಡಿಗ್ರಿಗೆ ತಿರುಗಿಸುತ್ತಾರೆ. ಹುಳಿ ಬರಿಸುವ ಗೋಜೇ ಬೇಡವೆಂದರೆ ನೀರುದೋಸೆ. ಒಂದು ಕಪ್ ಸೋನಾ ಮಸೂರಿ ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಒಟ್ಟು ಎರಡೂವರೆ ಕಪ್ಪಿನಷ್ಟು ನೀರು ಸೇರಿಸಿ ಉಪ್ಪು ಹಾಕಿ, ನಾನ್‌ಸ್ಟಿಕ್ ತವಾ ಚೆನ್ನಾಗಿ ಕಾದ ಮೇಲೆ ಹೊಯ್ಯುವುದು. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಉರುಟು ಅಕ್ಕಿ ಪಾಯಸಕ್ಕಾಗಿ ಇರುವಂಥದ್ದು, ಅಂಟುತ್ತದೆ, ದೋಸೆ ಏಳುವುದಿಲ್ಲ. ಜಾಮ್ ಹಚ್ಚಿ ಕೊಟ್ಟರೆ ಆ ಮನೆಯ ಮಕ್ಕಳೂ ತಿನ್ನುತ್ತಾರೆ.

ಸೂಟ್‌ಕೇಸಿಗೆ ಏನು ಹಾಕಬಹುದು ಎಂಬುದರಲ್ಲಿ ಯುರೋಪಿನ ಕಸ್ಟಮ್ಸ್ ನಿಯಮ ನಮ್ಮ ಊಹೆಗೆ ವಿರುದ್ಧ. ಹಾಲು, ಮಾಂಸದ ಉತ್ಪನ್ನ ಒಯ್ಯುವಂತಿಲ್ಲ. ತುಪ್ಪ, ಪೇಡೆ ಮನೆಯಲ್ಲೇ ಇರಲಿ. ಮೀನಿಗೆ ಮಾತ್ರ 20 ಕಿಲೋ ತನಕ ವಿನಾಯಿತಿ ಉಂಟು, ಅಂದರೆ ಕಾನೂನಿನ ಪ್ರಕಾರ ಒಣಮೀನು ಒಯ್ಯಬಹುದು. ಹುರಿದರೆ ಆ ಮನೆಯಲ್ಲಿ ನಿಮ್ಮ ಹೆಸರು ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನನ್ನ ಸಲಹೆ ಕೇಳಿದರೆ ಬೇಡ. ತಾಜಾ ಹಣ್ಣು, ಸೊಪ್ಪು, ಹೂವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಮಾವು, ಕರಿಬೇವು, ಶಂಕರಪುರ ಮಲ್ಲಿಗೆ ಯಾವುದೂ ಆಗದು. ತೆಂಗಿನಕಾಯಿ, ಬಾಳೆ, ಅನಾನಸಿಗೆ ಆ ಪತ್ರ ಬೇಡ. ಹಾಗೆಂದು ತೆಂಗಿನಕಾಯಿ ಹೊರಬೇಡಿ, ತುರಿದು ಹೆಪ್ಪುಗಟ್ಟಿಸಿದ್ದು ಅಲ್ಲಿಯೇ ಸಿಗುತ್ತದೆ. ಸಾರಿನ ಪುಡಿ, ಹುಣಸೆಹುಳಿ, ಹಪ್ಪಳ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಉಪ್ಪಿನಕಾಯಿ, ಮನೆಯವರಿಗೆ ಕೊಡಲು ಒಂದು ಕಿಲೋ ಗೋಡಂಬಿ: ಇಷ್ಟು ಸಾಕು.

ಸಸ್ಯಾಹಾರಿಗಳು ಅದನ್ನು ಮೊದಲ ವಿಡಿಯೋ ಮಾತುಕತೆಯಲ್ಲೇ ಹೇಳಬೇಕು, ಮೊಟ್ಟೆ ತಿನ್ನುವಿರಾ ಇಲ್ಲವಾ ಎಂಬುದರ ಸಮೇತ. ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಜನ್ಯ ಜೆಲಾಟಿನ್, ಎಷ್ಟೋ ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ. ನಮ್ಮಲ್ಲಿನ ಹಸಿರು ಚುಕ್ಕಿ ಅಲ್ಲಿಲ್ಲ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವುದು ಎ1 ಪರೀಕ್ಷೆಗಿಂತ ಉಪಯೋಗದ ಜರ್ಮನ್.

ಸಂಜೆ ಆರೂವರೆ ಏಳಕ್ಕೆ ಬ್ರೆಡ್ಡು, ಚೀಸ್, ಸೌತೆಕಾಯಿ, ಮಾಂಸದ ತೆಳು ಹೋಳುಗಳ ತಣ್ಣನೆಯ ಊಟ ಬಹಳ ಮನೆಗಳಲ್ಲಿ ಉಂಟು. ರಾತ್ರಿ ಒಂಬತ್ತೂವರೆಗೆ ಬಿಸಿ ಅನ್ನ ಉಂಡ ಹೊಟ್ಟೆಗೆ ಮೊದಲ ತಿಂಗಳು ಇದು ಊಟವೆಂದೇ ಅನಿಸುವುದಿಲ್ಲ. ಮಧ್ಯಾಹ್ನ ಮಕ್ಕಳಿಲ್ಲದ ಹೊತ್ತಿನಲ್ಲಿ ಅನ್ನ ಮಾಡಿ ಉಂಡರೆ ಸಂಜೆಯದು ಸುಲಭ. ಮೇಜಿನಲ್ಲಿ ಎಲ್ಲರೂ ಕೂತ ಮೇಲೆಯೇ ಶುರು. ಬಡಿಸುವಾಗ ಒತ್ತಾಯದ ಪದ್ಧತಿ ಅಲ್ಲಿಲ್ಲ. ನಮ್ಮಲ್ಲಿ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಬಡಿಸಿಕೊಳ್ಳುವುದು ಮರ್ಯಾದೆ. ಅಲ್ಲಿ ಒಂದು ಸಲ ಬೇಡವೆಂದರೆ ಪಾತ್ರೆ ಮುಂದೆ ಹೋಯಿತು. ಹಸಿವಿದ್ದರೆ ಬೇಕು ಎನ್ನಿ. ತಟ್ಟೆಗೆ ಹಾಕಿಕೊಂಡದ್ದನ್ನು ಮುಗಿಸಿ, ಮೊದಲು ಸ್ವಲ್ಪವೇ ಹಾಕಿಕೊಳ್ಳಿ. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ, ಆದರೆ ಮನೆಯೊಡತಿಯೇ ಹೆಸರಲ್ಲಿ ಕರೆ ಎಂದ ಮೇಲೆ ಆಂಟಿ ಎಂದರೆ ಅವರಿಗೆ ಇರಿಸುಮುರಿಸು. ನೆರೆಮನೆಯವರಿಗೆ, ಕಚೇರಿಯಲ್ಲಿ ಮಾತ್ರ ಬಹುವಚನ ಬಿಡಬಾರದು.

ಮಾತಿಗೆ ವಿಷಯವಿಲ್ಲದ ಸಂಜೆಗೆ ಮಂಗಳೂರಿನವರ ಕೈಯಲ್ಲಿ ಒಳ್ಳೆಯ ಸರಕಿದೆ. ಜರ್ಮನ್ ಮಾತಾಡುವ ಸ್ವಿಸ್ ಊರಾದ ಬಾಸೆಲ್‌ನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದದ್ದು 1865ರಲ್ಲಿ. ಮೊದಲ ಕನ್ನಡ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಿಂದ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಕಿಟ್ಟೆಲ್ ಇಬ್ಬರೂ ಜರ್ಮನರು. ಇದು ಅಲ್ಲಿಯ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ, ಕೇಳಿದರೆ ಖುಷಿಪಡುತ್ತಾರೆ.

ಮಕ್ಕಳ ವಿಷಯದಲ್ಲಿ ಮೂರು ಸಂಗತಿಗೆ ರಿಯಾಯಿತಿಯಿಲ್ಲ. ಮಕ್ಕಳಿಗೆ ಹೊಡೆಯುವುದು 2000ದಿಂದ ಕಾನೂನಿನಲ್ಲೇ ನಿಷಿದ್ಧ. ತಲೆಗೊಂದು ಮೊಟಕುವುದು, ಕೋಣೆಯಲ್ಲಿ ಕೂಡಿಹಾಕುತ್ತೇನೆ ಎಂದು ಹೆದರಿಸುವುದೂ ಬೇಡ. ಕಾರಿನಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯ ತನಕ ಮಕ್ಕಳ ಸೀಟು ಕಡ್ಡಾಯ. ಮಗುವಿನ ಫೋಟೋವನ್ನು ಕೇಳದೆ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬಾರದು. ಇನ್ನು ಊಟ: ಮೂರು ವರ್ಷದ ಮಗು ತಾನೇ ತಿನ್ನುತ್ತದೆ, ಮೈಮೇಲೆ ಚೆಲ್ಲಿಕೊಳ್ಳುತ್ತದೆ, ಸಾಕೆಂದರೆ ಅಲ್ಲಿಗೆ ಮುಗಿಯಿತು. ಬಟ್ಟಲು ಹಿಡಿದು ಹಿಂದೆ ಓಡಿ ತುತ್ತು ಕೊಡುವ ನಮ್ಮ ಅಕ್ಕರೆ ತಾಯಿಗೆ ಅಡ್ಡಿಯಾಗಿ ಕಾಣುತ್ತದೆ. ಶಿಶುವಿಹಾರದಿಂದ ಕರೆತರುವ ಸಮಯ ಮೂರೂವರೆ ಎಂದರೆ ಮೂರು ಇಪ್ಪತ್ತೈದಕ್ಕೆ ಬಾಗಿಲಲ್ಲಿರಬೇಕು. ತಡವಾಗುವುದಾದರೆ ತಡವಾಗುವ ಮೊದಲೇ ಫೋನು ಮಾಡಬೇಕು. ಬೆಂಕಿ, ಆಂಬುಲೆನ್ಸಿಗೆ 112, ಪೊಲೀಸರಿಗೆ 110, ರಾತ್ರಿ ಜ್ವರ ಬಂದರೆ ವೈದ್ಯರ ಸಲಹೆಗೆ 116117; ಈ ನಂಬರುಗಳೂ ಮನೆಯ ಪೂರ್ಣ ವಿಳಾಸವೂ ಫ್ರಿಜ್ಜಿನ ಮೇಲೆ ಇರಲಿ.

ಕಸವನ್ನು ಹಸಿ, ಒಣ ಎಂದು ಬೇರೆ ಮಾಡಿ ಗೊತ್ತಿರುವವರಿಗೆ ಅಲ್ಲಿನದು ಅದರ ಮುಂದಿನ ತರಗತಿ. ಅಡುಗೆ ಕಸಕ್ಕೊಂದು, ಕಾಗದಕ್ಕೊಂದು, ಪ್ಲಾಸ್ಟಿಕ್ ಮತ್ತು ತಗಡಿನ ಪೊಟ್ಟಣಗಳಿಗೆ ಹಳದಿಯದು, ಉಳಿದದ್ದಕ್ಕೆ ಕಪ್ಪು ಡಬ್ಬಿ. ಗಾಜನ್ನು ಬಿಳಿ, ಹಸಿರು, ಕಂದು ಎಂದು ಬಣ್ಣ ನೋಡಿ ಬೀದಿಯ ತೊಟ್ಟಿಗೆ ಹಾಕಬೇಕು, ಭಾನುವಾರ ಹಾಕಬಾರದು, ಸದ್ದಾಗುತ್ತದೆ. ಒಮ್ಮೆ ಬಳಸಿ ಬಿಡುವ ನೀರಿನ ಬಾಟಲಿಗೆ 25 ಸೆಂಟು ಠೇವಣಿ, ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಶನಿವಾರವೇ ಹಾಲು ತಂದಿಡಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ, ಭಾನುವಾರ ಇಡೀ ದಿನ ವ್ಯಾಕ್ಯೂಮ್, ಡ್ರಿಲ್ಲು ಬೇಡ. ಫ್ಲಾಟ್ ಆದರೆ ವಾಷಿಂಗ್ ಮೆಶಿನ್ನೂ ಕೇಳಿಯೇ ಹಾಕಬೇಕು. ಊರಿಗೆ ಫೋನು ಮಾಡಲು ಗಡಿಯಾರದ ಲೆಕ್ಕ: ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಜ್ಜಿಗೆ ಕೇಳಲೆಂದು ಗಟ್ಟಿ ಮಾತಾಡುವವರು ಇಯರ್‌ಫೋನ್ ಹಾಕಿ ಕೋಣೆಯೊಳಗೇ ಮಾತಾಡಲಿ.

ಕಾಗದಪತ್ರ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟಿನ ಜೊತೆಗೆ ಮನೆಯೊಡೆಯರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ ಬೇಕು. ಅದಾದ ಮೇಲೆಯೇ ಬ್ಯಾಂಕ್ ಖಾತೆ, ವಾಸದ ಪರವಾನಗಿ ಎಲ್ಲ. ಆ ದಿನವೇ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರನ್ನು ಪಾಸ್‌ಪೋರ್ಟಿನಲ್ಲಿದ್ದಂತೆ ಬರೆದು ಅಂಟಿಸಿ. ಪೆಟ್ಟಿಗೆಯಲ್ಲಿ ಹೆಸರಿಲ್ಲದಿದ್ದರೆ ಅಂಚೆಯವರು ಪತ್ರ ವಾಪಸು ಕಳಿಸುತ್ತಾರೆ, ಬ್ಯಾಂಕಿನ ಕಾರ್ಡು, ಕಚೇರಿಯ ಕರೆಪತ್ರ ಎಲ್ಲವೂ ಹಾಗೆಯೇ ಹೋಗುತ್ತವೆ. ಇನಿಶಿಯಲ್ಲನ್ನು ಕೆಲವು ಕಡೆ ಬಿಡಿಸಿ, ಕೆಲವು ಕಡೆ ಬಿಡಿಸದೆ ಬರೆಯುವ ನಮ್ಮ ಅಭ್ಯಾಸವೇ ಇಲ್ಲಿ ಶತ್ರು. ಕೆಲವು ವಾರಗಳಲ್ಲಿ ರೇಡಿಯೊ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೊ ಕಟ್ಟಿ ಎಂದು ಪತ್ರ ಬರುತ್ತದೆ. ಅದು ಮನೆಗೊಂದು ಶುಲ್ಕ, ತಲೆಗಲ್ಲ. ಮನೆಯವರ ಶುಲ್ಕದ ನಂಬರು ಬರೆದು ಉತ್ತರಿಸಿದರೆ ಮುಗಿಯಿತು, ಉತ್ತರಿಸದೆ ಬಿಟ್ಟರೆ ಬಾಕಿ ಬೆಳೆಯುತ್ತದೆ. ಮನೆಯ ವೈಫೈಯಲ್ಲಿ ಟೊರೆಂಟ್ ಹಾಕಿ ಸಿನಿಮಾ ಇಳಿಸಬಾರದು. ವಕೀಲರ ನೋಟಿಸು ಬರುವುದು ಇಂಟರ್ನೆಟ್ ಯಾರ ಹೆಸರಲ್ಲಿದೆಯೋ ಅವರಿಗೆ, ಕೇಳುವ ಮೊತ್ತ ನೂರಾರು ಯೂರೊ. ಇದರಿಂದ ಕೆಟ್ಟ ಸಂಬಂಧ ಮತ್ತೆ ಸರಿಯಾಗುವುದು ಕಷ್ಟ.

ಇಷ್ಟು ಕಲಿತರೂ ಜಗಳವಾಗುವುದು ಕೆಲಸದ ಗಂಟೆಗಳ ವಿಷಯದಲ್ಲಿ. ವಾರಕ್ಕೆ 30 ಗಂಟೆ, ದಿನಕ್ಕೆ ಆರು ಗಂಟೆ ಮಿತಿ. ಮಕ್ಕಳು ಮಲಗಿರುವಾಗ ಮನೆ ಕಾಯುವುದೂ ಈ ಲೆಕ್ಕಕ್ಕೆ ಸೇರುತ್ತದೆ. ವಾರದಲ್ಲಿ ಒಂದೂವರೆ ದಿನ ರಜೆ, ತಿಂಗಳಿಗೆ ಕನಿಷ್ಠ ಒಂದು ಭಾನುವಾರ, ವಾರಕ್ಕೆ ನಾಲ್ಕು ಸಂಜೆ ಬಿಡುವು, ವರ್ಷಕ್ಕೆ ನಾಲ್ಕು ವಾರ ರಜೆ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ಏಳರಿಂದ ಎಂಟೂವರೆ, ಮಧ್ಯಾಹ್ನ ಎರಡೂವರೆಯಿಂದ ಆರು ಎಂದಿದ್ದರೆ ದಿನಕ್ಕೆ ಐದು ಗಂಟೆ. ಶನಿವಾರ ಸಂಜೆ ಆರರಿಂದ ಹನ್ನೊಂದು ಮಕ್ಕಳನ್ನು ನೋಡಿಕೊಂಡರೆ 30 ತುಂಬಿತು. ಮಕ್ಕಳ ಬಟ್ಟೆ, ತಿಂಡಿ, ಅವರ ಕೋಣೆ ಇದರೊಳಗೆ. ಅಜ್ಜನ ಆರೈಕೆ, ಇಡೀ ಮನೆಯ ಅಂಗಿ ಇಸ್ತ್ರಿ, ತೋಟದ ಕೆಲಸ ಇದರಲ್ಲಿಲ್ಲ.

ಮಿತಿ ದಾಟುವುದು ಯಾವಾಗಲೂ ಮನೆಯವರ ದುರಾಸೆಯಿಂದಲ್ಲ. ಹಿರಿಯರು ಪಾತ್ರೆ ತೊಳೆಯುವಾಗ ಕೂತಿರಲು ನಮಗೆ ಆಗುವುದಿಲ್ಲ, ಎದ್ದು ಹೋಗಿ ಕೈ ಹಾಕುತ್ತೇವೆ. ಮೊದಲ ವಾರ ಅದು ಉಪಕಾರ, ಎರಡನೆಯ ತಿಂಗಳಿಗೆ ಅದು ನಿಮ್ಮ ಕೆಲಸ. ಆಮೇಲೆ ಬೇಸರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುಖ ಊದಿಸಿಕೊಂಡರೆ ಅವರಿಗೆ ಅರ್ಥವೇ ಆಗುವುದಿಲ್ಲ. ಮುಖ ನೋಡಿ ತಿಳಿದುಕೊಳ್ಳಲಿ ಎಂಬುದು ಅಲ್ಲಿ ನಡೆಯುವುದಿಲ್ಲ. ಸಣ್ಣ ನೋಟ್‌ಬುಕ್ಕಿನಲ್ಲಿ ದಿನದಿನದ ಗಂಟೆ ಬರೆದಿಡಿ. ವಾರಕ್ಕೊಂದು ಸಲ, ಭಾನುವಾರ ಕಾಫಿಯ ಹೊತ್ತಿಗೆ, ಕ್ಯಾಲೆಂಡರ್ ಮುಂದಿಟ್ಟು ಮಾತಾಡುವ ರೂಢಿಯನ್ನು ಮೊದಲ ವಾರವೇ ಕೇಳಿ ಮಾಡಿಸಿಕೊಳ್ಳಿ. ಹೋದ ವಾರ 36 ಗಂಟೆ ಆಯಿತು, ಈ ವಾರ ಗುರುವಾರ ಸಂಜೆ ಬಿಡುವು ಬೇಕು ಎಂದು ಅಂಕೆ ಹಿಡಿದು ಹೇಳಿದರೆ ಅವರು ಕೋಪಿಸಿಕೊಳ್ಳುವುದಿಲ್ಲ. ಅವರೂ ನಿಮ್ಮ ತಪ್ಪನ್ನು ಹಾಗೇ ನೇರ ಹೇಳುತ್ತಾರೆ, ಐದು ನಿಮಿಷ ಬಿಟ್ಟು ಕೇಕು ಕೊಡುತ್ತಾರೆ. ಮೊದಮೊದಲು ಆ ನೇರ ಮಾತು ಚುಚ್ಚುತ್ತದೆ. ಆದರೆ ಮಾತಿನ ಹಿಂದೆ ಬೇರೆ ಮಾತು ಹುಡುಕುತ್ತಾ ರಾತ್ರಿ ನಿದ್ದೆಗೆಡುವ ಅಗತ್ಯ ಇಲ್ಲವಲ್ಲ, ನನಗಂತೂ ಅದು ದೊಡ್ಡ ನಿರಾಳ.

ಹೇಳಿಯೂ ಸರಿಹೋಗದಿದ್ದರೆ ಕರಾರಿನಲ್ಲಿರುವ ನೋಟಿಸಿನ ಅವಧಿ ನೋಡಿ. ಸಾಮಾನ್ಯವಾಗಿ ಎರಡು ವಾರ ಇರುತ್ತದೆ. ಏಜೆನ್ಸಿ ಮೂಲಕ ಹೋದವರು ಮೊದಲು ಅವರಿಗೆ ತಿಳಿಸಲಿ. ಬೇರೆ ಕುಟುಂಬಕ್ಕೆ ಹೋಗಲು ಅವಕಾಶ ಉಂಟು, ಆದರೆ ವಿದೇಶಿಯರ ಕಚೇರಿಗೆ ತಿಳಿಸದೆ ಮನೆ ಬಿಡಬಾರದು, ವಾಸದ ಪರವಾನಗಿಯೇ ತೊಡಕಿಗೆ ಸಿಲುಕುತ್ತದೆ. ಊರಿಗೇ ಮರಳುವುದಾದರೆ ಮನೆ ಬಿಡುವ ಒಂದು ವಾರ ಮೊದಲಿನಿಂದ ಬಿಟ್ಟ ಎರಡು ವಾರದೊಳಗೆ ವಿಳಾಸದ ನೋಂದಣಿ ರದ್ದು ಮಾಡಿಸಿ ಪತ್ರ ಪಡೆಯಬೇಕು. ಇತರ ಕರಾರುಗಳನ್ನು ಮುಗಿಸುವಾಗ ಆ ಪತ್ರವನ್ನೇ ಕೇಳುತ್ತಾರೆ. ಎರಡು ವರ್ಷದ ಮೊಬೈಲ್ ಕರಾರಿಗೆ ಸಹಿ ಮಾಡಿದವರಿಗೆ ಆ ಹೊತ್ತಿನಲ್ಲಿ ತಲೆಬಿಸಿ ಹೆಚ್ಚು. ಒಂದೇ ವರ್ಷದ ವಾಸಕ್ಕೆ ಪ್ರಿಪೇಯ್ಡ್ ಸಿಮ್ಮೇ ಸಾಕು.